ಮನೆ ಡೇಕೇರ್‌ನಲ್ಲಿ ಲೋಟ ಯಾರದು, ಹಾಲು ಯಾರದು? ಹಂತ ಹಂತವಾಗಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲೇ ಡೇಕೇರ್ ನಡೆಸುವವರಿಗೆ ಊಟದ ಡಬ್ಬಿಯಿಂದ ತಲೆನೋವು ಬರುವುದು ಕಡಿಮೆ. ಡಬ್ಬಿ ಬೆಳಿಗ್ಗೆ ತುಂಬಿ ಬರುತ್ತದೆ, ಸಂಜೆ ಖಾಲಿಯಾಗಿ ಹೋಗುತ್ತದೆ. ಗೋಜಲಾಗುವುದು ಕುಡಿಯುವುದರಲ್ಲಿ. ಮಗುವನ್ನು ಸೇರಿಸಲು ಬಂದ ತಾಯಿ "ಆಂಟಿ, ಬಾಟಲಿ ನಾವೇ ಕಳಿಸ್ಬೇಕಾ?" ಎಂದು ಕೇಳುತ್ತಾರೆ. ಸಂಕೋಚಕ್ಕೆ ಬಿದ್ದು "ನಿಮ್ಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದುಬಿಡುತ್ತೀರಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಡುಗೆಕಟ್ಟೆಯ ಮೇಲೆ ಒಂದೇ ಬಣ್ಣದ ಮುಚ್ಚಳದ ನಾಲ್ಕು ಬಾಟಲಿ, ಹೆಸರಿಲ್ಲದ ಒಂದು ಫ್ಲಾಸ್ಕು, ನಿನ್ನೆಯ ಹಾಲು ಒಣಗಿ ಅಂಟಿದ ಒಂದು ಸಿಪ್ಪರ್. ಯಾರ ಹಾಲು ಯಾರ ಹೊಟ್ಟೆಗೆ ಹೋಯಿತೋ ಹೇಳುವವರಿಲ್ಲ.

ಹೆಚ್ಚಿನವರು ಮೊದಲು ಚಂದದ ಲೋಟ ಕೊಂಡು ತರುತ್ತಾರೆ, ಆಮೇಲೆ ಅದರಲ್ಲಿ ಏನು ಹಾಕುವುದು ಎಂದು ಯೋಚಿಸುತ್ತಾರೆ. ಮಾಡಬೇಕಾದದ್ದು ತಿರುಗಾಮುರುಗಾ. ಮೊದಲು ಮಕ್ಕಳ ವಯಸ್ಸು, ಆಮೇಲೆ ನಿಮ್ಮ ಸಿಂಕು ಮತ್ತು ಫ್ರಿಜ್ಜು, ಆಮೇಲೆ ಪಾನೀಯ, ಕೊನೆಗೆ ಲೋಟ. ಉದ್ದಕ್ಕೂ ಒಂದೇ ಸೂತ್ರ ಹಿಡಿದುಕೊಳ್ಳಿ: ಪಾತ್ರೆ ಯಾರು ಸರಿಯಾಗಿ ತೊಳೆಯಬಲ್ಲರೋ ಅವರದು, ಪಾನೀಯ ಯಾರು ಕೆಡದಂತೆ ಇಡಬಲ್ಲರೋ ಅವರದು.

ಇಲ್ಲಿ ಹೇಳುವುದೆಲ್ಲ ಐದರಿಂದ ಎಂಟು ಮಕ್ಕಳು, ಒಬ್ಬ ಸಹಾಯಕಿ, ಒಂದು ಫ್ರಿಜ್ಜು ಇರುವ ಮನೆಗೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಮಿಲಿಲೀಟರ್ ಗುರುತಿರುವ ಒಂದು ಅಳತೆ ಲೋಟ, ಫ್ರಿಜ್ಜಿನೊಳಗೆ ಇಡುವ ಸಣ್ಣ ಥರ್ಮಾಮೀಟರು, ಬಾಟಲಿ ಉಜ್ಜುವ ಬ್ರಶ್ಶು, ಸ್ಟ್ರಾ ಉಜ್ಜುವ ಸಪೂರ ಬ್ರಶ್ಶು, ಬಾಟಲಿ ಮುಳುಗುವಷ್ಟು ದೊಡ್ಡ ಪಾತ್ರೆ, ನೀರು ಸೋರಿ ಒಣಗಲು ಜಾಲರಿಯ ಸ್ಟ್ಯಾಂಡು, ಅಳಿಸದ ಮಾರ್ಕರ್ ಪೆನ್ನು, ಬಿಳಿ ಟೇಪು, ಒಂದು ನೋಟ್‌ಬುಕ್ಕು. ಸ್ಟೆರಿಲೈಸರ್ ಯಂತ್ರ ಬೇಡ, ಕುದಿಯುವ ನೀರು ಸಾಕು. ಥರ್ಮಾಮೀಟರು ಮಾತ್ರ ಬಿಡಬೇಡಿ. ಫ್ರಿಜ್ಜಿನ ಬಾಗಿಲು ದಿನಕ್ಕೆ ನೂರು ಸಲ ತೆರೆಯುವ ಮನೆಯಲ್ಲಿ ಒಳಗೆ ತಣ್ಣಗಿದೆ ಎಂದು ಕೈಯಿಟ್ಟು ಹೇಳಲಾಗದು.

ಹಂತ 1: ಮಕ್ಕಳನ್ನು ವಯಸ್ಸಿನ ಮೇಲೆ ಮೂರು ಪಟ್ಟಿಯಾಗಿ ಬರೆಯಿರಿ

ಆರು ತಿಂಗಳೊಳಗಿನವರು, ಆರರಿಂದ ಹನ್ನೆರಡು ತಿಂಗಳಿನವರು, ವರ್ಷ ದಾಟಿದವರು. ಈ ಮೂರಕ್ಕೂ ಒಂದೇ ನಿಯಮ ಮಾಡಲು ಹೋದರೆ ಅಲ್ಲೇ ಕೆಡುತ್ತದೆ.

ಆರು ತಿಂಗಳೊಳಗಿನ ಕೂಸು ಡೇಕೇರ್‌ಗೆ ಎಲ್ಲಿ ಬರುತ್ತದೆ ಎನ್ನಬೇಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಇದೆ, ನಿಜ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಂಡ ತಾಯಿ ನಾಲ್ಕು ನಾಲ್ಕೂವರೆ ತಿಂಗಳ ಕೂಸನ್ನು ಎತ್ತಿಕೊಂಡೇ ನಿಮ್ಮ ಬಾಗಿಲಿಗೆ ಬರುತ್ತಾರೆ. ಈ ಕೂಸಿಗೆ ಎದೆಹಾಲು, ಇಲ್ಲವೇ ವೈದ್ಯರು ಹೇಳಿದ ಫಾರ್ಮುಲಾ (ಕೂಸುಗಳಿಗೆಂದೇ ಮಾಡಿದ ಹಾಲಿನ ಪುಡಿ), ಎರಡೇ. ನೀರೂ ಬೇಡ. "ಬಿಸಿಲು ಜಾಸ್ತಿ, ಎರಡು ಚಮಚ ಜೀರಿಗೆ ನೀರು ಹಾಕಿ" ಎಂದು ಅಜ್ಜಿ ಫೋನು ಮಾಡಿದರೂ ಬೇಡ. ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ಮೊದಲ ಆರು ತಿಂಗಳು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಈ ಪಟ್ಟಿಯ ಮಗುವಿಗೆ ಎಲ್ಲವೂ ಮನೆಯಿಂದಲೇ ಬರಬೇಕು. ಡೇಕೇರ್‌ನವರು ಸ್ವಂತ ತೀರ್ಮಾನದಿಂದ ಒಂದು ತೊಟ್ಟೂ ಕೊಡುವಂತಿಲ್ಲ.

ಆರರಿಂದ ಹನ್ನೆರಡು ತಿಂಗಳಿನವರಿಗೂ ಮುಖ್ಯ ಆಹಾರ ಅದೇ ಹಾಲು. ಘನ ಆಹಾರ ಶುರುವಾದ ಮೇಲೆ ಊಟದ ಜೊತೆ ಕುದಿಸಿ ಆರಿಸಿದ ನೀರು ಗುಟುಕು ಗುಟುಕಾಗಿ ಕೊಡಬಹುದು, ಅದನ್ನು ನೀವು ಕೊಡಿ. ಪ್ಯಾಕೆಟ್ ಹಾಲು ಈ ವಯಸ್ಸಿಗೆ ಕೊಡಬೇಕೋ ಬೇಡವೋ ಎಂಬುದು ತಾಯಿ ಮತ್ತು ಮಕ್ಕಳ ವೈದ್ಯರ ನಡುವಿನ ಮಾತು, ನಿಮ್ಮದಲ್ಲ. ವರ್ಷ ತುಂಬುವವರೆಗೆ ಯಾವುದಕ್ಕೂ ಜೇನುತುಪ್ಪ ಬೆರೆಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ವಿಷ ತಯಾರಿಸಬಲ್ಲವು.

ವರ್ಷ ದಾಟಿದವರಿಗೆ ನೀರು, ಹಾಲು, ಮಜ್ಜಿಗೆ, ಮಾಲ್ಟು ಎಲ್ಲ ನಡೆಯುತ್ತದೆ. ನಿಮ್ಮ ನಿಯಮಗಳೆಲ್ಲ ನಿಜವಾಗಿ ಕೆಲಸಕ್ಕೆ ಬರುವುದು ಈ ಪಟ್ಟಿಗೆ.

ಪಟ್ಟಿ ಬರೆಯುವಾಗಲೇ ಪ್ರತಿ ಮನೆಗೂ ಕೇಳಿ ಬರೆದುಕೊಳ್ಳಿ: ಹಾಲು ಕುಡಿದ ಮೇಲೆ ಯಾವತ್ತಾದರೂ ಮೈಮೇಲೆ ದದ್ದು, ತುಟಿ ಊತ, ವಾಂತಿ ಆಗಿದೆಯೇ? ಕಡಲೆಕಾಯಿ, ಗೋಡಂಬಿ, ಬಾದಾಮಿ ಆಗುತ್ತದೆಯೇ? ಬೆಳಿಗ್ಗೆ ಮನೆಯಲ್ಲಿ ಎಷ್ಟು ಹಾಲು ಕುಡಿದು ಬರುತ್ತದೆ? "ಹಾಲು ಸ್ವಲ್ಪ ಆಗಲ್ಲ" ಎಂದರೆ ಅಲ್ಲಿಗೆ ಬಿಡಬೇಡಿ. ಹೊಟ್ಟೆಯುಬ್ಬರ, ಭೇದಿ ಆಗುವುದು ಬೇರೆ. ದದ್ದು, ಊತ, ಉಸಿರು ಕಟ್ಟುವುದು ಬೇರೆ. ಎರಡನೆಯದಾದರೆ ವೈದ್ಯರ ಚೀಟಿ ತರಿಸಿಕೊಳ್ಳಿ.

ಹಂತ 2: ಸಿಂಕು, ನೀರು, ಫ್ರಿಜ್ಜು ಲೆಕ್ಕ ಹಾಕಿ

ಆರು ಮಕ್ಕಳು, ದಿನಕ್ಕೆ ನಾಲ್ಕು ಸಲ ಎಂದರೆ 24 ಲೋಟ. ತಿಕ್ಕಿ ತೊಳೆಯಲು ಹತ್ತು ನಿಮಿಷದ ಕೆಲಸ. ಅದೇ ಆರು ಮಕ್ಕಳು ಸ್ಟ್ರಾ ಇರುವ ಸಿಪ್ಪರ್ ತಂದರೆ ಒಂದೊಂದರಲ್ಲೂ ಬಾಟಲಿ, ಮುಚ್ಚಳ, ಸ್ಟ್ರಾ, ರಬ್ಬರ್ ವಾಷರ್ ಎಂದು ನಾಲ್ಕು ತುಂಡು. ಹಾಲಿಗೆ ಬಳಸಿದರೆ ಪ್ರತಿ ಸಲವೂ ನಾಲ್ಕನ್ನೂ ಬಿಚ್ಚಿ ಉಜ್ಜಬೇಕು. ಮಧ್ಯಾಹ್ನ ಎಲ್ಲರನ್ನೂ ಮಲಗಿಸುವ ಹೊತ್ತಿನಲ್ಲಿ ಇದು ಯಾರಿಂದಲೂ ಆಗುವ ಕೆಲಸವಲ್ಲ. ಆಗದೆ ಇದ್ದಾಗ ಬರೀ ನೀರಲ್ಲಿ ಕುಲುಕಿ ಚೆಲ್ಲಿ ಮತ್ತೆ ತುಂಬುತ್ತಾರೆ. ಹೊಟ್ಟೆ ಕೆಡುವುದು ಅಲ್ಲಿಂದಲೇ.

ಕುಡಿಯುವ ನೀರು ಎಲ್ಲಿಂದ ಎಂಬುದನ್ನು ಪೋಷಕರು ಕೇಳುವ ಮೊದಲೇ ತಿಳಿದಿರಿ. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ, ಇಪ್ಪತ್ತು ಲೀಟರಿನ ಕ್ಯಾನೋ. ಚೆನ್ನಾಗಿ ಕೊತಕೊತ ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ಬೋರ್‌ವೆಲ್ ನೀರಿನ ಫ್ಲೋರೈಡು, ನೈಟ್ರೇಟು ಕುದಿಸುವುದರಿಂದ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅವು ಸಾಂದ್ರವಾಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ, ಅದರಲ್ಲೂ ಫಾರ್ಮುಲಾ ಕಲಸಲು, ಬಳಸಬಾರದು. ಕ್ಯಾನ್ ನೀರಾದರೆ ಬಂದಾಗ ಸೀಲು ನೋಡಿ, ಡಿಸ್ಪೆನ್ಸರ್ ಒಳಗಡೆ ಆಗಾಗ ತೊಳೆಯಿರಿ. ವರ್ಷದೊಳಗಿನವರಿಗೆ ಯಾವ ನೀರಾದರೂ ಕುದಿಸಿಯೇ.

ಬೇಸಿಗೆಯಲ್ಲಿ ನೀರಿಗೇ ಪರದಾಟವಿರುವ ಬಡಾವಣೆಯಾದರೆ, ಲೋಟ ಮನೆಯಿಂದ ತರಿಸುವುದರಿಂದ ಸಮಸ್ಯೆ ಬಗೆಹರಿಯುವುದಿಲ್ಲ. ಕೊಳೆ ಅಷ್ಟೇ ಇರುತ್ತದೆ. ನೀರು ಕುಡಿಯಲು ಮಗುವಿಗೊಂದು ಲೋಟ ಇಡೀ ದಿನಕ್ಕೆ ಮೀಸಲಿಟ್ಟು, ಹಾಲಿನ ಲೋಟ ಮಾತ್ರ ಪ್ರತಿ ಸಲ ತೊಳೆಯಿರಿ.

ಫ್ರಿಜ್ಜಿನ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಿಂಭಾಗದ ಒಂದು ಮೂಲೆಯನ್ನು ಎದೆಹಾಲಿಗೆ ಮೀಸಲಿಡಿ. ಬಾಗಿಲಿನ ಅರೆಯಲ್ಲಿ ಇಡಬೇಡಿ, ಅದು ಎಲ್ಲಕ್ಕಿಂತ ಬೇಗ ಬೆಚ್ಚಗಾಗುವ ಜಾಗ. ಕರೆಂಟು ಹೋದರೆ ಬಾಗಿಲು ತೆರೆಯದೆ ಇದ್ದಲ್ಲಿ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಹಂತ 3: ಒಂದೊಂದು ಪಾನೀಯಕ್ಕೂ ಬೇರೆ ಬೇರೆ ತೀರ್ಮಾನ

"ಕುಡಿಯೋದೆಲ್ಲ ಮನೆಯಿಂದ" ಎಂದರೂ ಕಷ್ಟ, "ಎಲ್ಲ ನಾವೇ ಕೊಡ್ತೀವಿ" ಎಂದರೂ ಕಷ್ಟ.

*ನೀರು:* ಡೇಕೇರ್‌ನದು. ಬೆಳಿಗ್ಗೆ ಮನೆಯಿಂದ ಬಂದ ಬಾಟಲಿಯ ನೀರು ಮುಗಿಯುವವರೆಗೆ ಅದನ್ನೇ ಕುಡಿಯಲಿ, ಮುಗಿದ ಮೇಲೆ ನಿಮ್ಮ ನೀರು. "ನಮ್ಮನೆ ನೀರೇ ಕುಡಿಸಿ" ಎನ್ನುವವರು ಸಂಜೆಯವರೆಗೆ ಸಾಲುವಷ್ಟು ಕಳಿಸಬೇಕು. ಮುಗಿದರೆ ಮಗುವನ್ನು ಬಾಯಾರಿಸಿ ಕೂರಿಸುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

*ಎದೆಹಾಲು:* ಮನೆಯಿಂದ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ. ಪ್ರತಿ ಬಾಟಲಿಯ ಮೇಲೂ ಮಗುವಿನ ಹೆಸರು, ಹಿಂಡಿದ ದಿನ, ಹೊತ್ತು ಬರೆದಿರಬೇಕು. ಬರೆಯದೆ ತಂದರೆ ಬಾಗಿಲಲ್ಲೇ ಮಾರ್ಕರ್ ಕೊಟ್ಟು ಬರೆಸಿ. 25 ಡಿಗ್ರಿಯೊಳಗಿನ ಕೋಣೆಯಲ್ಲಿ ಹೊಸದಾಗಿ ಹಿಂಡಿದ ಹಾಲು ನಾಲ್ಕು ಗಂಟೆ ತಡೆಯುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲೂ ಮನೆಯೊಳಗೆ 25 ಇರುವುದಿಲ್ಲ. ಕಲಬುರಗಿ, ರಾಯಚೂರಿನ ಮಾತು ಬಿಡಿ. ಹಾಗಾಗಿ ಬಂದ ಕೂಡಲೇ ಫ್ರಿಜ್ಜಿಗೆ. ಫ್ರೀಜರ್‌ನಲ್ಲಿಟ್ಟು ಕರಗಿಸಿದ ಹಾಲಾದರೆ ಫ್ರಿಜ್ಜಿನಲ್ಲೇ ಇಟ್ಟು, ಪೂರ್ತಿ ಕರಗಿದ 24 ಗಂಟೆಯೊಳಗೆ ಮುಗಿಯಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಳಿಸಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಹೊರಗೆ ತಣ್ಣಗಿದ್ದರೂ ನಡುವೆ ಸುಡುವಷ್ಟು ಬಿಸಿಯಾಗಿರುತ್ತದೆ. ಕೂಸು ಕುಡಿದು ಬಿಟ್ಟ ಹಾಲನ್ನು ಎರಡು ಗಂಟೆಯ ಮೇಲೆ ಇಡುವಂತಿಲ್ಲ.

ಬಾಟಲಿಯನ್ನೇ ಒಲ್ಲೆ ಎನ್ನುವ ಕೂಸುಗಳಿರುತ್ತವೆ. ಅಂಥವರ ತಾಯಂದಿರಿಗೆ ಒಳಲೆ (ಹಾಲು ಕುಡಿಸುವ, ಕೊಕ್ಕಿನಂಥ ಬಾಯಿಯ ಪುಟ್ಟ ಬಟ್ಟಲು) ಕಳಿಸಲು ಹೇಳಿ. ಕೂಸನ್ನು ನೆಟ್ಟಗೆ ತೊಡೆಯ ಮೇಲೆ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದಷ್ಟೇ ಬಗ್ಗಿಸುತ್ತಾ ಹೋದರೆ ಸರಾಗವಾಗಿ ಕುಡಿಯುತ್ತದೆ. ತೊಳೆಯುವುದೂ ಸುಲಭ, ಮೂಲೆ ಮುಡುಕಿಲ್ಲ.

*ಫಾರ್ಮುಲಾ:* ಪುಡಿ ಮನೆಯಿಂದ, ಅಳೆದು, ಒಂದು ಸಲಕ್ಕೊಂದು ಡಬ್ಬಿಯಂತೆ. ಕಲಸುವುದು ನೀವು. ಬೆಳಿಗ್ಗೆಯೇ ಕಲಸಿ ಬಾಟಲಿಗೆ ತುಂಬಿ ತಂದದ್ದನ್ನು ತೆಗೆದುಕೊಳ್ಳಬೇಡಿ, ಕಲಸಿದ ಮೇಲೆ ಹೊರಗೆ ಅದರ ಆಯುಸ್ಸು ಎರಡೇ ಗಂಟೆ. ಪುಡಿ ಕ್ರಿಮಿರಹಿತವಲ್ಲ. ಆದ್ದರಿಂದ ನೀರು ಕುದಿಸಿ ಅರ್ಧ ಗಂಟೆಯೊಳಗೆ, ಅಂದರೆ 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ, ಕಲಸಿ ಆಮೇಲೆ ಬಾಟಲಿಯನ್ನು ನಲ್ಲಿ ಕೆಳಗೆ ಹಿಡಿದು ಆರಿಸಬೇಕು. ಮೊದಲು ನೀರು, ಆಮೇಲೆ ಪುಡಿ. ಎಷ್ಟು ನೀರಿಗೆ ಎಷ್ಟು ಚಮಚ ಎಂಬುದನ್ನು ತಾಯಿ ಡಬ್ಬದ ಮೇಲಿರುವಂತೆ ಬರೆದು ಕೊಡಲಿ. ಒಂದು ಬ್ರ್ಯಾಂಡಿನ ಚಮಚ ಇನ್ನೊಂದಕ್ಕೆ ಬಳಸಬೇಡಿ. ಯಾವುದಾದರೂ ಕಂಪನಿಯ ಕಡೆಯವರು ಉಚಿತ ಬಾಟಲಿ, ಸ್ಯಾಂಪಲ್ ಪುಡಿ ಎಂದು ಬಂದರೆ ಬಾಗಿಲಿಂದಲೇ ಕಳಿಸಿ. ಕೂಸಿನ ಹಾಲಿನ ಪುಡಿ, ಹಾಲುಣಿಸುವ ಬಾಟಲಿಗಳ ಕುರಿತ 1992ರ ಕಾಯ್ದೆ ಹಾಗೆ ಹಂಚಿ ಪ್ರಚಾರ ಮಾಡುವುದನ್ನು ನಿಷೇಧಿಸಿದೆ.

*ಪ್ಯಾಕೆಟ್ ಹಾಲು:* ವರ್ಷ ದಾಟಿದವರಿಗೆ ಡೇಕೇರ್‌ನದು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಮನೆಯಿಂದ ಹಾಲು ತರಿಸಿದರೆ ಬರುವುದು ಬಹುಪಾಲು ಫ್ಲಾಸ್ಕಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಬಿಸಿಯಾಗಿದ್ದದ್ದು ಮಧ್ಯಾಹ್ನ ಮೂರಕ್ಕೆ ಉಗುರುಬೆಚ್ಚಗಿರುತ್ತದೆ. ಆ ಹದ ಬ್ಯಾಕ್ಟೀರಿಯಾಕ್ಕೆ ಹಬ್ಬ. 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಫ್ರಿಜ್ಜಿನ ತಂಪಿರಬೇಕು, ನಡುವಿನದು ಬೇಡ. ನೀವು ಆಗಷ್ಟೇ ಕಾಯಿಸಿ ಕೊಟ್ಟರೆ ಈ ಸಮಸ್ಯೆಯೇ ಇಲ್ಲ.

ಎಷ್ಟು ಕೊಡಬೇಕು? ಸರ್ಕಾರಿ ಶಾಲೆಗಳ ಕ್ಷೀರಭಾಗ್ಯದಲ್ಲಿ ದೊಡ್ಡ ಮಕ್ಕಳಿಗೇ ಕೊಡುವುದು 150 ಮಿ.ಲೀ. ನಿಮ್ಮಲ್ಲಿನ ಪುಟ್ಟವರಿಗೆ ಒಂದು ಸಲಕ್ಕೆ 100ರಿಂದ 150 ಸಾಕು. ಮನೆಯದೂ ಸೇರಿ ದಿನಕ್ಕೆ ಅರ್ಧ ಲೀಟರ್ ದಾಟಿದರೆ ಮಗು ಅನ್ನ ಮುಟ್ಟುವುದಿಲ್ಲ. ಬರೀ ಹಾಲಿನ ಮೇಲಿರುವ ಮಕ್ಕಳಲ್ಲಿ ಕಬ್ಬಿಣದ ಕೊರತೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಎಷ್ಟು ಕುಡಿಯಿತು ಎಂದು ಹಂತ 1ರಲ್ಲಿ ಕೇಳಿದ್ದು ಇದಕ್ಕೇ. ಎರಡು ವರ್ಷದೊಳಗಿನವರಿಗೆ ಕೆನೆ ತೆಗೆದ ಹಾಲು ಬೇಡ. ಹಾಲಿಗೆ ನೀರು ಬೆರೆಸುವ ಅಭ್ಯಾಸವೂ ಬೇಡ, ವರ್ಷ ದಾಟಿದ ಮಗುವಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಹಾಲು ಬಾರದ ದಿನಕ್ಕೆಂದು ಒಂದೆರಡು ನಂದಿನಿ ಗುಡ್‌ಲೈಫ್ ಪ್ಯಾಕೆಟ್ ಕಪಾಟಿನಲ್ಲಿರಲಿ, ಒಡೆಯುವವರೆಗೆ ಅದಕ್ಕೆ ಫ್ರಿಜ್ಜು ಬೇಡ.

"ನಮ್ದು ಊರಿಂದ ಬರೋ ನಾಟಿ ಹಸುವಿನ ಹಾಲು, ಅದನ್ನೇ ಕೊಡಿ ಆಂಟಿ" ಎನ್ನುವವರಿಗೆ ಒಂದು ದಾರಿ ಇದೆ: ಮನೆಯಲ್ಲಿ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟದ್ದನ್ನು ಸ್ಟೀಲ್ ಬಾಟಲಿಯಲ್ಲಿ ತಣ್ಣಗೇ ತಂದುಕೊಡಲಿ. ನೀವು ಫ್ರಿಜ್ಜಿಗಿಟ್ಟು ಹೊತ್ತಿಗೆ ಸರಿಯಾಗಿ ಕಾಯಿಸಿ. ಹಸಿ ಹಾಲು ಮನೆಯೊಳಗೆ ತೆಗೆದುಕೊಳ್ಳಬೇಡಿ.

*ರಾಗಿ ಮಾಲ್ಟು ಮತ್ತು ಡಬ್ಬದ ಪುಡಿಗಳು:* ಪ್ರತಿ ಮನೆಯೂ ತನ್ನದೇ ಪುಡಿ ಕಳಿಸಿದರೆ ಒಲೆಯ ಮೇಲೆ ಆರು ಪಾತ್ರೆ ಇಡಬೇಕಾಗುತ್ತದೆ. ಅದಕ್ಕಿಂತ ಮುಖ್ಯ ವಿಷಯ, ಮನೆಯಲ್ಲಿ ಮಾಡಿದ ಪುಡಿಗಳಲ್ಲಿ ಬಾದಾಮಿ, ಗೋಡಂಬಿ, ಕೆಲವೊಮ್ಮೆ ಕಡಲೆಕಾಯಿಯೂ ಸೇರಿರುತ್ತದೆ. ಒಂದೇ ಸೌಟಿನಲ್ಲಿ ತಿರುವಿದರೆ ಅಲರ್ಜಿ ಇರುವ ಮಗುವಿಗೆ ಅಷ್ಟೇ ಸಾಕು. ನೀವು ಬರೀ ರಾಗಿ, ಬೆಲ್ಲದ ಒಂದೇ ಮಾಲ್ಟು ಮಾಡಿ ಎಲ್ಲರಿಗೂ ಕೊಡಿ, ತಮ್ಮದೇ ಬೇಕೆನ್ನುವವರು ಬೆಳಿಗ್ಗೆ ಮನೆಯಲ್ಲೇ ಕುಡಿಸಿ ಕಳಿಸಲಿ. ಬೋರ್ನ್‌ವಿಟಾದಂಥ ಪುಡಿಗಳನ್ನು ಡೇಕೇರ್ ಖರ್ಚಿನಲ್ಲಿ ತರುವುದು ಬೇಡ. ನಮ್ಮ ಆಹಾರ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. ಅವುಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು.

*ಮಜ್ಜಿಗೆ, ಎಳನೀರು:* ಡೇಕೇರ್‌ನದು, ಆಗ ಮಾಡಿ ಆಗಲೇ ಕೊಡುವಂಥದ್ದು. ಎಳನೀರು ಕೆತ್ತಿಸಿ ತಂದು ಲೋಟಕ್ಕೆ ಬಗ್ಗಿಸಿ, ಒಂದೇ ಸ್ಟ್ರಾ ಮೂರು ಬಾಯಿಗೆ ಹೋಗಬಾರದು.

*ಜ್ಯೂಸು, ಚಹಾ:* ಎರಡೂ ಬೇಡ, ಮನೆಯಿಂದ ತಂದರೂ ಬೇಡ. ಭಾರತೀಯ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ ಎರಡರಿಂದ ಐದು ವರ್ಷದವರಿಗೆ ಹಣ್ಣಿನ ರಸಕ್ಕೆ ದಿನಕ್ಕೆ 125 ಮಿ.ಲೀ. ಮಿತಿ ಹಾಕಿದೆ, ಐದು ವರ್ಷದೊಳಗೆ ಚಹಾ ಕಾಫಿ ಕೊಡಬಾರದು ಎಂದಿದೆ. ಆ 125ನ್ನು ಮನೆಯವರೇ ಭಾನುವಾರ ಕೊಟ್ಟುಕೊಳ್ಳಲಿ.

*ಒಆರ್‌ಎಸ್:* ಭೇದಿಯಾಗುತ್ತಿರುವ ಮಗುವನ್ನು ಡೇಕೇರ್‌ಗೆ ಕಳಿಸಬಾರದು. ಮಧ್ಯಾಹ್ನ ಶುರುವಾದರೆ, ತಾಯಿ ಬರುವವರೆಗೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ನಿಮ್ಮಲ್ಲಿರಲಿ. ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಕಲಸಬೇಕು, ಲೋಟಕ್ಕಿಷ್ಟು ಎಂದು ಅಂದಾಜಿಗೆ ಉದುರಿಸುವಂತಿಲ್ಲ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ಆ ಸೂತ್ರಕ್ಕೆ ಹೊಂದದ ಪಾನೀಯಗಳು 'ಒಆರ್‌ಎಸ್' ಎಂದು ಹಾಕಿಕೊಳ್ಳುವುದನ್ನು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ತಡೆದಿದೆ.

ಹಂತ 4: ಈಗ ಲೋಟ, ಬಾಟಲಿ

ಹಾಲುಣಿಸುವ ಬಾಟಲಿ ಮನೆಯಿಂದ. ಎಷ್ಟು ಸಲ ಕುಡಿಯುತ್ತದೋ ಅಷ್ಟು, ಮೇಲೊಂದು. ಪ್ರತಿಯೊಂದೂ ಮನೆಯಲ್ಲಿ ಬಿಚ್ಚಿ ತೊಳೆದು ಹತ್ತು ನಿಮಿಷ ಕುದಿಸಿ ಒಣಗಿಸಿ ಬಂದಿರಬೇಕು. ಕುಡಿದಾದ ಮೇಲೆ ನೀವು ತಣ್ಣೀರಿನಲ್ಲಿ ಜಾಲಿಸಿ ಚೀಲಕ್ಕೆ ಹಾಕಿ, ಪೂರ್ತಿ ತೊಳೆಯುವುದು ಅವರ ಕೆಲಸ. ಐಎಸ್‌ಐ ಗುರುತಿಲ್ಲದ ಹಾಲಿನ ಬಾಟಲಿ ಮಾರುವುದೇ ಕಾನೂನಿಗೆ ವಿರುದ್ಧ. ಸಂತೆಯ ಅಗ್ಗದ ಬಾಟಲಿ ಬಂದರೆ ತಾಯಿಗೆ ಹೇಳಿ.

ನೀರಿನ ಬಾಟಲಿಯೂ ಮನೆಯಿಂದ, ಮಗುವಿಗೊಂದು. ಸ್ಟೀಲಿನದು, ಕೈ ಹೋಗುವಷ್ಟು ಅಗಲ ಬಾಯಿಯದು. ತಾಮ್ರದ ಬಾಟಲಿಯಲ್ಲಿ ನೀರಿದ್ದರೆ ಅಡ್ಡಿಯಿಲ್ಲ, ಮಜ್ಜಿಗೆ, ನಿಂಬೆ ಪಾನಕ ತುಂಬಿ ಕಳಿಸಿದರೆ ಚೆಲ್ಲಿಬಿಡಿ. ಹುಳಿಗೆ ತಾಮ್ರ ಕರಗುತ್ತದೆ, ವಾಂತಿಯಾಗುತ್ತದೆ.

ಕೂತು ಕುಡಿಯುವ ಹಾಲು, ಮಾಲ್ಟು, ಮಜ್ಜಿಗೆಗೆ ಡೇಕೇರ್‌ನದೇ ಸ್ಟೀಲ್ ಲೋಟ. ಪಾತ್ರೆ ಅಂಗಡಿಯಲ್ಲಿ 150 ಮಿ.ಲೀ. ಹಿಡಿಯುವ, ತಳ ಅಗಲವಾದ, ಅಂಚು ಹೊರಕ್ಕೆ ಸುರುಳಿ ತಿರುಗಿದ ಲೋಟ ಕೇಳಿ. ಅಂಚಿನ ಸುತ್ತ ಬೆರಳಾಡಿಸಿ ನೋಡಿಯೇ ಕೊಳ್ಳಿ. ಮಕ್ಕಳ ಸಂಖ್ಯೆಯ ಎರಡರಷ್ಟು ತಂದರೆ ಒಂದು ಸರದಿ ಒಣಗುವಾಗ ಇನ್ನೊಂದು ಸರದಿ ಸಿದ್ಧ. ಒಂದೇ ಎಚ್ಚರ: ಸ್ಟೀಲು ಹಾಲಿನ ಬಿಸಿಯನ್ನು ಹಾಗೇ ತುಟಿಗೆ ದಾಟಿಸುತ್ತದೆ. ಹಾಲು ಬಗ್ಗಿಸಿದ ಮೇಲೆ ಅಂಚನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡದೆ ಮಗುವಿನ ಕೈಗೆ ಕೊಡಬೇಡಿ.

ವಾಲ್ವ್ ಇರುವ ಸಿಪ್ಪರ್, ಮಡಚುವ ಸ್ಟ್ರಾ ಇರುವ ಬಾಟಲಿ ಹಾಲಿಗೆ ಬೇಡವೇ ಬೇಡ. ವಾಲ್ವಿನ ಒಳಗೆ ಹಾಲು ಉಳಿದು ಕಪ್ಪು ಬೂಷ್ಟು ಕಟ್ಟುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಚೆಲ್ಲುವುದಿಲ್ಲ ಎಂಬುದೊಂದೇ ಅದರ ಗುಣ. ವರ್ಷದ ಮಗು ಅರ್ಧ ತುಂಬಿದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯಲು ಕಲಿಯುತ್ತದೆ. ಕಲಿಯುವಾಗ ಚೆಲ್ಲುತ್ತದೆ, ಒರೆಸಿದರಾಯಿತು. ಇನ್ನು, ಎಂಜಲಾಗುತ್ತದೆ ಎಂದು ಪುಟ್ಟ ಮಕ್ಕಳಿಗೆ "ಎತ್ತಿ ಕುಡಿ" ಎಂದು ಒತ್ತಾಯಿಸಬೇಡಿ, ನೆತ್ತಿಗೇರುತ್ತದೆ. ಕಚ್ಚಿಯೇ ಕುಡಿಯಲಿ. ಲೋಟ ಬೇರೆ ಬೇರೆ ಇದ್ದರೆ ಎಂಜಲಿನ ಮಾತೇ ಬರುವುದಿಲ್ಲ.

ಮಕ್ಕಳ ಲೋಟ ತಿಕ್ಕಲು ಬೇರೆ ಸ್ಪಂಜು ಇಡಿ. ದಿನದ ಕೊನೆಗೆ ಎಲ್ಲ ಲೋಟವನ್ನೂ ಕುದಿಯುವ ನೀರಿನಲ್ಲಿ ಮುಳುಗಿಸಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಕೊಳೆ ಲೋಟಕ್ಕೆ.

ಹಂತ 5: ಗುರುತು

ಲೋಟದ ಮೇಲೆ ಮಗುವಿನ ಹೆಸರು ಕೆತ್ತಿಸಬೇಡಿ, ಸಂಖ್ಯೆ ಕೆತ್ತಿಸಿ. ಪಾತ್ರೆ ಅಂಗಡಿಯಲ್ಲೇ ಕೆತ್ತಿಕೊಡುತ್ತಾರೆ. ಮಕ್ಕಳು ಬರುತ್ತಾರೆ, ಶಾಲೆಗೆ ಸೇರಿ ಹೋಗುತ್ತಾರೆ. 3ನೇ ನಂಬರಿನ ಲೋಟ ಮುಂದಿನ ಮಗುವಿಗಾಗುತ್ತದೆ. ಯಾವ ನಂಬರು ಯಾರದು ಎಂಬ ಪಟ್ಟಿ ಸಿಂಕಿನ ಮೇಲೆ, ಸಹಾಯಕಿ ಓದಬಲ್ಲ ಭಾಷೆಯಲ್ಲಿ ಅಂಟಿಸಿ. ಎರಡು ಸರದಿಯ ಲೋಟಕ್ಕೂ ಅದೇ ನಂಬರು.

ಅಲರ್ಜಿ ಇರುವ ಮಗುವಿಗೆ ನಂಬರು ಸಾಲದು. ನೋಡಿದ ಕೂಡಲೇ ಗೊತ್ತಾಗುವಂತೆ ಆಕಾರವೇ ಬೇರೆ ಇರುವ ಲೋಟ, ಬೇರೆ ತಟ್ಟೆ, ಬೇರೆ ಜಾಗ. ಅವಸರದಲ್ಲಿ ಕೈ ಹಾಕುವವರು ಅಕ್ಷರ ಓದುವುದಿಲ್ಲ.

ಹಂತ 6: ದುಡ್ಡಿನ ಲೆಕ್ಕ

ಹಾಲು ನೀವು ಕೊಡುವುದಾದರೆ ಫೀಸಿನಲ್ಲೇ ಸೇರಿಸಿ, ಆದರೆ ಲೆಕ್ಕ ಗೊತ್ತಿರಲಿ. ಆರು ಮಕ್ಕಳಿಗೆ 150 ಮಿ.ಲೀ.ನಂತೆ ದಿನಕ್ಕೆ 900 ಮಿ.ಲೀ. ತಿಂಗಳಿಗೆ 22 ದಿನ ಎಂದರೆ ಹೆಚ್ಚುಕಡಿಮೆ 20 ಲೀಟರ್. ಲೀಟರಿಗೆ 50 ರೂಪಾಯಿ ಎಂದು ಹಿಡಿದರೆ 1000 ರೂಪಾಯಿ, ಮಗುವಿಗೆ 170ರ ಒಳಗೆ. ಗ್ಯಾಸು, ರಾಗಿ, ಬೆಲ್ಲ, ಸೋಪು, ಕ್ಯಾನ್ ನೀರು ಸೇರಿ ಮಗುವಿಗೆ ತಿಂಗಳಿಗೆ 300 ಎಂದಿಟ್ಟುಕೊಳ್ಳಿ. ನಿಮ್ಮೂರಿನ ಇವತ್ತಿನ ದರ ಹಾಕಿ ಲೆಕ್ಕ ಮಾಡಿ. ರಜೆ ಹಾಕಿದ ದಿನದ ಹಾಲಿನ ದುಡ್ಡು ವಾಪಸ್ ಎಂಬ ಚೌಕಾಶಿಗೆ ಇಳಿಯಬೇಡಿ, ಅದರ ಲೆಕ್ಕ ಬರೆಯುವ ಶ್ರಮ ಹಾಲಿಗಿಂತ ದುಬಾರಿ. ದುಡ್ಡು ತೆಗೆದುಕೊಂಡು ಆಹಾರ ಕೊಡುತ್ತಿದ್ದೀರಿ ಎಂದಾದ ಮೇಲೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಹಂತ 7: ಬರೆದು ಕೊಡಿ

ಬಾಯಿಮಾತು ನಿಲ್ಲುವುದಿಲ್ಲ, ಅದರಲ್ಲೂ ತಾಯಿ ಹೇಳಿದ್ದೊಂದು, ಬಿಡಲು ಬಂದ ತಾತ ತಿಳಿದುಕೊಂಡದ್ದೊಂದು ಆದಾಗ. ಈ ಮಾದರಿಯನ್ನು ನಿಮಗೆ ಬೇಕಾದಂತೆ ಬದಲಿಸಿಕೊಂಡು ವಾಟ್ಸಾಪ್‌ನಲ್ಲಿ ಕಳಿಸಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

"ನಮಸ್ಕಾರ. ಒಂದನೇ ತಾರೀಖಿನಿಂದ ಈ ಕ್ರಮ: ಒಂದು ವರ್ಷ ತುಂಬದ ಮಕ್ಕಳ ಹಾಲು, ಬಾಟಲಿ ಎಲ್ಲವೂ ಮನೆಯಿಂದಲೇ ಬರಬೇಕು. ಬಾಟಲಿ ಮೇಲೆ ಹೆಸರು, ದಿನ, ಹೊತ್ತು ಬರೆದಿರಲಿ. ವರ್ಷ ತುಂಬಿದ ಮಕ್ಕಳಿಗೆ ಹಾಲು, ಮಾಲ್ಟು, ಮಜ್ಜಿಗೆ ನಾವೇ ನಮ್ಮ ಸ್ಟೀಲ್ ಲೋಟದಲ್ಲಿ ಕೊಡುತ್ತೇವೆ. ಮನೆಯಿಂದ ನೀರಿನ ಬಾಟಲಿ ಒಂದು ಮಾತ್ರ ಸಾಕು. ಫ್ಲಾಸ್ಕಿನ ಹಾಲು, ಸಿಪ್ಪರ್, ಜ್ಯೂಸು, ಚಹಾ ದಯವಿಟ್ಟು ಕಳಿಸಬೇಡಿ. ಹಾಲು ಅಥವಾ ಬೇರೆ ಯಾವುದಾದರೂ ಆಗದಿದ್ದರೆ ವೈದ್ಯರ ಚೀಟಿಯ ಫೋಟೊ ಕಳಿಸಿ. ಬದಲಾವಣೆ ಏನಿದ್ದರೂ ಹಿಂದಿನ ದಿನ ಸಂಜೆಯೊಳಗೆ ತಿಳಿಸಿ."

ಹಂತ 8: ಬಾಗಿಲಿನಿಂದ ಬಾಗಿಲಿನವರೆಗೆ ದಿನದ ಕ್ರಮ

ಬೆಳಿಗ್ಗೆ ಚೀಲ ತೆಗೆದುಕೊಳ್ಳುವಾಗಲೇ ತೆರೆದು ನೋಡಿ. ಎದೆಹಾಲು ಫ್ರಿಜ್ಜಿಗೆ, ಪುಡಿ ಕಪಾಟಿಗೆ, ಬೇಡದ್ದು ತಂದವರ ಕೈಗೇ ವಾಪಸ್. ಅವರು ಹೋದ ಮೇಲೆ ನೋಡಿದರೆ ಅದು ನಿಮ್ಮ ತಲೆಗೆ.

ಕೊಡುವ ಹೊತ್ತಿನಲ್ಲಿ ಒಬ್ಬರೇ ಬಗ್ಗಿಸಬೇಕು. ಇಬ್ಬರು ಸೇರಿದರೆ ಒಂದು ಮಗುವಿಗೆ ಎರಡು ಸಲ, ಇನ್ನೊಂದಕ್ಕೆ ಇಲ್ಲ. ಅಲರ್ಜಿಯ ಮಗುವಿಗೆ ಮೊದಲು ಕೊಟ್ಟು ಮುಗಿಸಿ, ಆಮೇಲೆ ಉಳಿದವರಿಗೆ. ಮಕ್ಕಳು ಕೂತು ಕುಡಿಯಲಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಮಲಗಲು ಬಿಡಬೇಡಿ, ಮುಂದಿನ ಹಲ್ಲುಗಳು ಹುಳುಕಾಗುವುದು ಹಾಗೆಯೇ. ನೋಟ್‌ಬುಕ್ಕಿನಲ್ಲಿ ಎಷ್ಟು ಕುಡಿಯಿತು ಎಂಬುದನ್ನು ಬರೆಯಿರಿ. ಸಂಜೆ ಚೀಲದ ಜೊತೆ ಅದನ್ನೂ ಹೇಳಿ ಕಳಿಸಿ.

ಎಚ್ಚರಿಕೆಯ ಚಿಹ್ನೆಗಳು

ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ದದ್ದು, ತುಟಿ ಕಣ್ಣು ಊತ, ಮೇಲಿಂದ ಮೇಲೆ ವಾಂತಿ, ಉಸಿರಾಡುವಾಗ ಸುಯ್‌ಗುಟ್ಟುವ ಸದ್ದು ಬಂದರೆ ಮೊದಲು 108ಕ್ಕೆ ಕರೆ ಮಾಡಿ, ಪೋಷಕರಿಗೆ ಆಮೇಲೆ. ಆರೆಂಟು ಗಂಟೆಯಿಂದ ಮೂತ್ರವಿಲ್ಲ, ಬಾಯಿ ಒಣಗಿದೆ, ಅಳುವಾಗ ಕಣ್ಣೀರಿಲ್ಲ ಎಂದರೆ ಸಂಜೆಯವರೆಗೆ ಕಾಯಬೇಡಿ.

ತಿಳಿಯದೆ ಒಬ್ಬರ ಎದೆಹಾಲು ಇನ್ನೊಂದು ಕೂಸಿಗೆ ಹೋದರೆ ಮುಚ್ಚಿಡಬೇಡಿ. ಎರಡೂ ತಾಯಂದಿರಿಗೆ ಆ ಕೂಡಲೇ ಹೇಳಿ, ಕೂಸಿನ ವೈದ್ಯರಿಗೆ ತಿಳಿಸಲು ಹೇಳಿ. ಎದೆಹಾಲಿನ ಮೂಲಕ ಕೆಲವು ಸೋಂಕು ಹರಡಬಲ್ಲವು, ಪರೀಕ್ಷೆ ಬೇಕೋ ಎಂಬುದನ್ನು ಅವರು ನಿರ್ಧರಿಸುತ್ತಾರೆ.

ಸಣ್ಣ ಚಿಹ್ನೆಗಳೂ ಇವೆ. ನೀರಿನ ಬಾಟಲಿ ತುಂಬಿದಂತೆಯೇ ಮನೆಗೆ ಹೋಗುತ್ತಿದ್ದರೆ ನೀವು ಕೊಡುವುದನ್ನು ಮರೆಯುತ್ತಿದ್ದೀರಿ. ಮುಚ್ಚಳ ತೆರೆದಾಗ ಹುಳಿ ವಾಸನೆ ಬಂದರೆ ಮನೆಯಲ್ಲಿ ವಾಷರ್ ಬಿಚ್ಚಿ ತೊಳೆಯುತ್ತಿಲ್ಲ. ಒಂದೇ ವಾರದಲ್ಲಿ ಇಬ್ಬರಿಗೆ ಭೇದಿಯಾದರೆ ಮೊದಲು ನೀರು, ಸ್ಪಂಜು ಬದಲಿಸಿ.

ಪೋಷಕರು ಒಪ್ಪದಿದ್ದಾಗ

"ನಮ್ಮ ಪಾಪು ಲೋಟದಲ್ಲಿ ಕುಡಿಯಲ್ಲ ಆಂಟಿ, ಸಿಪ್ಪರ್ರೇ ಬೇಕು" ಎಂಬುದು ಹೆಚ್ಚು ಕೇಳುವ ಮಾತು. ವಾದ ಬೇಡ. ಎರಡು ವಾರ ನೀರಿಗೆ ಮಾತ್ರ ಸಿಪ್ಪರ್ ಇರಲಿ, ಹಾಲನ್ನು ಲೋಟದಲ್ಲಿ ಕಾಲು ಭಾಗ ತುಂಬಿ ಕೊಡಿ. ಪಕ್ಕದ ಮಗು ಕುಡಿಯುವುದನ್ನು ನೋಡಿ ಬಹಳ ಮಕ್ಕಳು ಮೂರ್ನಾಲ್ಕು ದಿನದಲ್ಲೇ ಹಿಡಿಯುತ್ತವೆ. ಫ್ಲಾಸ್ಕಿನ ಹಾಲು, ಕಲಸಿ ತಂದ ಫಾರ್ಮುಲಾ, ಹೆಸರಿಲ್ಲದ ಎದೆಹಾಲು, ಈ ಮೂರರಲ್ಲಿ ಮಾತ್ರ ಬಗ್ಗಬೇಡಿ. ಅದಕ್ಕೂ ಒಪ್ಪದ ಮನೆಯವರಿಗೆ ಬೇರೆ ಡೇಕೇರ್ ನೋಡಿಕೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಬಹುದು.

ಯಾವ ಮಗುವಿಗಾದರೂ ಆರು ತಿಂಗಳು ಅಥವಾ ವರ್ಷ ತುಂಬಿದ ವಾರ ಪಟ್ಟಿ ತೆಗೆದು ಹೆಸರನ್ನು ಮುಂದಿನ ಗುಂಪಿಗೆ ದಾಟಿಸಿ, ತಾಯಿಗೆ ಹೊಸ ಕ್ರಮದ ಸಂದೇಶ ಕಳಿಸಿ, ಲೋಟದ ನಂಬರು ಕೊಡಿ. ಹುಟ್ಟಿದ ದಿನಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟರೆ ಅದೇ ನೆನಪಿಸುತ್ತದೆ.